ಅಜ್ಜಿಯ ಪದಕ್ಕೊಂದು ಕೇಸ್ ಶೀಟ್

ವಿಜಯನಗರದಿಂದ ಕೆಂಗೇರಿಗೆ ಮೆಟ್ರೊದಲ್ಲಿ ಹೋಗುವಷ್ಟು ಹೊತ್ತೇ ನನ್ನ ಸಾಮಾನ್ಯ ಜ್ಞಾನದ ಓದಿಗೆ ಸಿಗುವ ಸಮಯ. ನಂದು ನರ್ಸಿಂಗ್ ಕೊನೆಯ ವರ್ಷ. ಮುಂದೆ ಸರ್ಕಾರಿ ಕೆಲಸದ ಪರೀಕ್ಷೆ ಬರೆಯುವ ಆಸೆ. ಒಂದು ದಿನ ಪುಸ್ತಕದಲ್ಲಿ ಸಿಕ್ಕ ಪ್ರಶ್ನೆ: '2018ರಲ್ಲಿ ಪದ್ಮಶ್ರೀ ಪಡೆದ ಕರ್ನಾಟಕದ ಸೂಲಗಿತ್ತಿ ಯಾರು?' ಉತ್ತರ, ನರಸಮ್ಮ. ಅಡಿಗೆರೆ ಎಳೆದು ಪುಟ ತಿರುಗಿಸಿದೆ.

ರಾತ್ರಿ ಊಟಕ್ಕೆ ಕೂತಾಗ ಆ ಹೆಸರು ಹೇಳಿದ್ದೇ ತಡ, ಅಜ್ಜಿಯ ಮುಖ ಅರಳಿತು. "ನಿಮ್ಮಪ್ಪ ಹುಟ್ಟಿದ್ದೂ ಸೂಲಗಿತ್ತಿ ಕೈಲೇ ಕಣವ್ವ. ನಂಗೆ ನೀರು ಹಾಕ್ತಾ ಪದ ಹೇಳೋಳು. ಅವನ್ನೆಲ್ಲ ಕಲ್ತುಬಿಟ್ಟಿದ್ದೆ ನಾನು" ಅಂದಳು. ಮಾಗಡಿ ಕಡೆಯ ಹಳ್ಳಿಯವಳು ನಮ್ಮಜ್ಜಿ. ಅವಳು ಹಾಡುತ್ತಾಳೆಂದು ನನಗೆ ಗೊತ್ತಾದದ್ದೇ ಅವತ್ತು.

ಆಮೇಲೆ ನರಸಮ್ಮನವರ ಬಗ್ಗೆ ಹುಡುಕಿ ಓದಿದೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದವರು. ತಮ್ಮ ಅಜ್ಜಿಯಿಂದ ವಿದ್ಯೆ ಕಲಿತು 1940ರಲ್ಲಿ ಮೊದಲ ಹೆರಿಗೆ ಮಾಡಿಸಿದರು. ಏಳು ದಶಕಗಳಲ್ಲಿ 15 ಸಾವಿರಕ್ಕೂ ಹೆಚ್ಚು ಹೆರಿಗೆ, ಎಲ್ಲವೂ ಉಚಿತ. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 2018ರ ಡಿಸೆಂಬರ್ 25ರಂದು ಅವರು ಕೊನೆಯುಸಿರೆಳೆದದ್ದು ನಾನು ದಿನವೂ ಇಳಿಯುವ ಕೆಂಗೇರಿಯ ಆಸ್ಪತ್ರೆಯಲ್ಲೇ. ಅವರು ಅಜ್ಜಿಯಿಂದ ಒಂದು ವಿದ್ಯೆಯನ್ನೇ ಪಡೆದರು. ನಾನು ನಮ್ಮಜ್ಜಿಯಿಂದ ಏನು ಪಡೆದೆ?

ಅಜ್ಜಿಯ ಪದಗಳನ್ನು ರೆಕಾರ್ಡ್ ಮಾಡಬೇಕು ಅಂದುಕೊಂಡೆ. ಆದರೆ ಇಂಟರ್ನಲ್ಸ್ ಮುಗಿಯಲಿ, ವಾರ್ಡ್ ಪೋಸ್ಟಿಂಗ್ ಮುಗಿಯಲಿ ಅನ್ನುತ್ತಲೇ ಎಂಟು ತಿಂಗಳು ಕಳೆದೆ. ಅಷ್ಟರಲ್ಲಿ ಅಜ್ಜಿಗೆ ಮರೆವು ಶುರುವಾಯಿತು. ನನ್ನನ್ನು ಅತ್ತೆಯ ಹೆಸರಿನಿಂದ ಕರೆಯತೊಡಗಿದಳು.

ಅದೇ ಹೊತ್ತಿಗೆ ಗೆಳತಿಯರ ಜೊತೆ ರಾಮನಗರದ ಜಾನಪದ ಲೋಕಕ್ಕೆ ಹೋಗಿದ್ದೆ. ಅದನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು ಐಎಎಸ್ ಅಧಿಕಾರಿಯಾಗಿದ್ದವರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, ಹಾಡುಗಳನ್ನು ಧ್ವನಿಮುದ್ರಣ ಮಾಡಿಸಿ ಉಳಿಸಿದವರು. ಸೋಬಾನೆ ಚಿಕ್ಕಮ್ಮ ಎಂಬ ಒಬ್ಬ ತಾಯಿಯ ಪದಗಳೇ ಅವರಿಂದ ಒಂದು ಪುಸ್ತಕವಾಗಿವೆ. ಟೇಪ್ ರೆಕಾರ್ಡರ್ ಹೊತ್ತು ತಿರುಗುವ ಕಾಲದಲ್ಲಿ ಅವರು ಅಷ್ಟು ಮಾಡಿದ್ದರು. ನನ್ನ ಜೇಬಲ್ಲೇ ಮೊಬೈಲ್ ಇತ್ತು. ನಾಚಿಕೆಯಾಯಿತು.

ಮನೆಗೆ ಬಂದವಳೇ ಮೊಬೈಲ್ ಹಿಡಿದು ಅಜ್ಜಿಯ ಮುಂದೆ ಕೂತೆ. ಒಂದು ಸಾಲೂ ಬರಲಿಲ್ಲ. "ಸುಮ್ಕೆ ಕುಂತ್ರೆ ಪದ ಬತ್ತದಾ? ಕೈಗೆ ಕೆಲಸ ಬ್ಯಾಡ್ವಾ?" ಅಂತ ರೇಗಿದಳು. ಅವರೆಕಾಯಿ ಕಾಲ. ಅಮ್ಮ ಒಂದು ಮೊರ ಕಾಯಿ ತಂದು ಮುಂದಿಟ್ಟರು. ಬಿಡಿಸುತ್ತಾ ಬಿಡಿಸುತ್ತಾ ಅಜ್ಜಿಯ ದನಿ ತಾನಾಗಿಯೇ ಎದ್ದಿತು. ನನ್ನ ಹೆಸರು ನೆನಪಿರದವಳಿಗೆ ಬಾಣಂತಿಯ ಪದ ನೆನಪಿತ್ತು.

ಬರೆದುಕೊಳ್ಳುವಾಗ ಇನ್ನೊಂದು ತಪ್ಪು ಮಾಡಿದೆ. ಅಜ್ಜಿ 'ಆಲು' ಅಂದದ್ದನ್ನು 'ಹಾಲು' ಅಂತ ತಿದ್ದಿದೆ. ಬಿಟ್ಟುಹೋದ ಸಾಲುಗಳನ್ನು ನಾನೇ ತುಂಬಿಸಿದೆ. ಓದಿ ನೋಡಿದರೆ ಅದರಲ್ಲಿ ಅಜ್ಜಿಯೇ ಇರಲಿಲ್ಲ. ಆಗ ವಾರ್ಡಿನಲ್ಲಿ ಕಲಿತದ್ದು ನೆನಪಾಯಿತು: ರೋಗಿ ತನ್ನ ತೊಂದರೆಯನ್ನು ಹೇಗೆ ಹೇಳುತ್ತಾಳೋ ಹಾಗೆಯೇ, ಅವಳ ಮಾತಿನಲ್ಲೇ ಕೇಸ್ ಶೀಟಿನಲ್ಲಿ ಬರೆಯಬೇಕು. ನಮ್ಮ ಊಹೆ ಸೇರಿಸಬಾರದು. ಎಲ್ಲವನ್ನೂ ಹೊಡೆದುಹಾಕಿ ಮತ್ತೆ ಬರೆದೆ. ಮರೆತ ಜಾಗದಲ್ಲಿ ಚುಕ್ಕಿ ಇಟ್ಟೆ.

ಈಗ ನನ್ನ ಬಳಿ ಹನ್ನೊಂದು ಪೂರ್ತಿ ಪದಗಳಿವೆ, ಆರು ಅರ್ಧ. ಆ ಎಂಟು ತಿಂಗಳ ಹಿಂದೆಯೇ ಕೂತಿದ್ದರೆ ಆರೂ ಪೂರ್ತಿಯಾಗುತ್ತಿದ್ದವೇನೋ. ಆ ಚುಕ್ಕಿಗಳು ನನ್ನ ತಪ್ಪಿನ ಲೆಕ್ಕ.

ಪರೀಕ್ಷೆಗೆ ಓದುತ್ತಿರುವ ಗೆಳೆಯ ಗೆಳತಿಯರೇ, ಪುಸ್ತಕ ನಾಳೆಯೂ ಇರುತ್ತದೆ. ಇವತ್ತು ಸಂಜೆ ಅಜ್ಜಿಯ ಮುಂದೆ ಒಂದು ಮೊರ ಅವರೆಕಾಯಿ ಇಟ್ಟು, ಪಕ್ಕದಲ್ಲಿ ಮೊಬೈಲ್ ಇಡಿ.