ಬಾಣಂತನ ಮುಗಿದ ಮೇಲೆ

ಕಳೆದ ತಿಂಗಳು ನನ್ನ ಅಕ್ಕ ಐದು ತಿಂಗಳ ಮಗಳನ್ನು ಎತ್ತಿಕೊಂಡು ತವರಿನಿಂದ ಬೆಂಗಳೂರಿನ ತನ್ನ ಮನೆಗೆ ಹೊರಟಳು. ಅಮ್ಮ ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟಳು. ಕಾಯದ ಪುಡಿಯ ಡಬ್ಬ, ಬಜೆಯ ತುಂಡು, ಹಳೆಯ ಪಂಚೆ ಹರಿದು ಮಾಡಿದ ಬಟ್ಟೆಗಳ ಗಂಟು ಎಲ್ಲವೂ ಕಾರಿನೊಳಗೆ ಸೇರಿದವು. ಮಡಿಲು ತುಂಬಿದ್ದಾಯಿತು, ಆರತಿ ಎತ್ತಿದ್ದಾಯಿತು. ಬಾಣಂತನ ಮುಗಿಯಿತು ಎಂದು ಎಲ್ಲರೂ ಸಮಾಧಾನಪಟ್ಟರು.

ಮೂರನೆಯ ದಿನ ರಾತ್ರಿ ಅಕ್ಕನ ಫೋನು ಬಂತು. ‘ಅಮ್ಮ, ಇವತ್ತು ನಾನು ತಲೆ ಬಾಚಿಕೊಂಡಾಗ ಸಂಜೆ ನಾಲ್ಕು ಗಂಟೆ’ ಎಂದು ನಕ್ಕಳು. ಸ್ವಲ್ಪ ಹೊತ್ತಿಗೆ ಆ ನಗು ಅಳುವಾಯಿತು. ಕಾಯಿಲೆ ಏನೂ ಇರಲಿಲ್ಲ. ಭಾವ ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೋದರೆ ಬರುವುದು ರಾತ್ರಿ ಎಂಟಕ್ಕೆ. ನಡುವಿನ ಹನ್ನೆರಡು ಗಂಟೆಯಲ್ಲಿ ಮಗುವನ್ನು ಒಂದು ನಿಮಿಷ ಹಿಡಿದುಕೊಳ್ಳಿ ಎನ್ನಲು ಮನೆಯಲ್ಲಿ ಇನ್ನೊಬ್ಬರಿಲ್ಲ. ಸಂಕಟ ಅಷ್ಟೇ.

ಅಷ್ಟೇ ಎಂದು ಬರೆಯುವುದು ಸುಲಭ. ಆದರೆ ಈ ‘ಅಷ್ಟೇ’ಯ ಹಿಂದೆ ಒಂದು ದೊಡ್ಡ ಲೆಕ್ಕವಿದೆ. ಹೆರಿಗೆಯಾದ ಮೊದಲ ಮೂರೋ ಐದೋ ತಿಂಗಳನ್ನು ನಮ್ಮ ಸಂಪ್ರದಾಯ ನೋಡಿಕೊಂಡಿತು. ಮಗುವಿಗೆ ಮೂರು ವರ್ಷ ತುಂಬಿದ ಮೇಲೆ ಸರ್ಕಾರ ಅಂಗನವಾಡಿಯ ಬಾಗಿಲು ತೆರೆಯಿತು. ಇವೆರಡರ ನಡುವೆ ಸುಮಾರು ಎರಡೂವರೆ ವರ್ಷಗಳಿವೆ. ಆ ವರ್ಷಗಳು ಯಾರ ಪಾಲಿಗೆ?

ಒಂದು ಮಗುವಿಗೆ ನಾಲ್ಕು ಜನ

ಬಾಣಂತನವೆಂದರೆ ಎಣ್ಣೆನೀರು, ಸಾಂಬ್ರಾಣಿ ಹೊಗೆ, ಪಥ್ಯದ ಊಟ ಎಂದು ತಿಳಿಯುವುದು ವಾಡಿಕೆ. ಹಾಗೆ ನೋಡಿದರೆ ಅದು ಮೂಲತಃ ಕೆಲಸ ಹಂಚಿಕೊಳ್ಳುವ ಒಂದು ಏರ್ಪಾಡು. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುತ್ತಾಳೆ. ಹಂಡೆಯಲ್ಲಿ ನೀರು ಕಾಯಿಸುವವರು ಒಬ್ಬರು. ಕಾಲು ನೀಡಿ ಕುಳಿತು ಮಗುವನ್ನು ಕಾಲ ಮೇಲೆ ಮಲಗಿಸಿ ನೀರು ಹಾಕುವವರು ಇನ್ನೊಬ್ಬರು. ಬಟ್ಟೆ ಒಗೆಯುವವರು ಮತ್ತೊಬ್ಬರು. ರಾತ್ರಿ ಮಗು ಎದ್ದರೆ ತೊಟ್ಟಿಲು ತೂಗಲು ಅಜ್ಜಿ. ಹಾಲು ಕುಡಿಸುವುದು, ನಿದ್ರೆ ಮಾಡುವುದು ಇವೆರಡೇ ಬಾಣಂತಿಯ ಕೆಲಸ. ಉತ್ತರ ಕರ್ನಾಟಕದಲ್ಲಿ ಅಂಟಿನುಂಡೆ, ಹಳೆಯ ಮೈಸೂರಿನ ಕಡೆ ಕಾಯದ ಪುಡಿ, ಹೀಗೆ ತಿನಿಸು ಬೇರೆಯಾದರೂ ಈ ಹಂಚಿಕೆ ಎಲ್ಲ ಕಡೆಯೂ ಒಂದೇ. ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲು ಒಂದು ಮನೆಯಿಂದ ಇನ್ನೊಂದು ಮನೆಗೆ, ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಸಾಗುತ್ತಿದ್ದುದೂ ಇದೇ ಹಂಚಿಕೆಯ ಭಾಗ.

ಈ ಪದ್ಧತಿಯಲ್ಲಿ ಎಲ್ಲವೂ ಒಳ್ಳೆಯದೇ ಇತ್ತು ಎನ್ನುವಂತಿಲ್ಲ. ಬಾಣಂತಿಗೆ ನೀರು ಕಡಿಮೆ ಕೊಡುವುದು, ಸೊಪ್ಪು ಹಣ್ಣು ಬೇಡವೆನ್ನುವುದು, ಹೆರಿಗೆಯಾದ ಕೂಡಲೇ ಬರುವ ಹಳದಿ ಬಣ್ಣದ ದಪ್ಪ ಹಾಲನ್ನು ಹಿಂಡಿ ಚೆಲ್ಲುವುದು ಹಲವು ಕಡೆ ನಡೆಯುತ್ತಿತ್ತು. ಆ ಹಾಲು ಮಗುವಿಗೆ ರೋಗ ತಡೆಯುವ ಶಕ್ತಿ ಕೊಡುತ್ತದೆ, ಹೊಗೆ ಕೂಸಿನ ಶ್ವಾಸಕೋಶಕ್ಕೆ ಒಳ್ಳೆಯದಲ್ಲ ಎಂದು ವೈದ್ಯರು ಹೇಳುತ್ತಲೇ ಬಂದಿದ್ದಾರೆ. ಆದರೂ ಒಂದು ವಿಷಯದಲ್ಲಿ ಹಳಬರ ತಿಳಿವಳಿಕೆ ಸರಿಯಾಗಿತ್ತು. ಎಳೆಗೂಸನ್ನು ಸಾಕುವುದು ಒಬ್ಬಳಿಂದ ಆಗುವ ಕೆಲಸವಲ್ಲ ಎಂಬುದನ್ನು ಅವರು ಒಪ್ಪಿಕೊಂಡಿದ್ದರು.

ದೊಡ್ಡಮ್ಮನ ಕಂಕುಳು

‘ಹಿಂದೆ ಕೂಡುಕುಟುಂಬವಿತ್ತು, ಮಕ್ಕಳು ತಾವಾಗಿಯೇ ಬೆಳೆಯುತ್ತಿದ್ದವು’ ಎಂಬ ಮಾತು ನಾವೆಲ್ಲ ಕೇಳಿರುವಂಥದು. ಯಾವ ಮಗುವೂ ತಾನಾಗಿಯೇ ಬೆಳೆಯುವುದಿಲ್ಲ. ಯಾರೋ ಒಬ್ಬರು ಅದನ್ನು ಎತ್ತಿಕೊಂಡಿರಲೇಬೇಕು.

ಐದು ತಿಂಗಳ ಬಾಣಂತನ ಉಳ್ಳವರ ಮನೆಯ ಮಾತು. ಕೂಲಿಯಿಂದ ಬದುಕುವ ಹೆಂಗಸು ಅಷ್ಟು ದಿನ ಮಲಗುವಂತಿರಲಿಲ್ಲ. ಹೊಲದ ಬದುವಿನ ಮರಕ್ಕೆ ಹಳೆಯ ಸೀರೆಯ ಜೋಲಿ ಕಟ್ಟಿ, ಮಗುವನ್ನು ಅದರಲ್ಲಿ ಹಾಕಿ ಕಳೆ ಕೀಳುತ್ತಿದ್ದಳು. ಜೋಲಿಯ ಬಳಿ ಏಳೆಂಟು ವರ್ಷದ ಹುಡುಗಿಯೊಬ್ಬಳು ಕುಳಿತಿರುತ್ತಿದ್ದಳು. ಅವಳು ಆ ಮಗುವಿನ ಅಕ್ಕ.

ನಮ್ಮ ದೊಡ್ಡಮ್ಮ ಅಂಥ ಅಕ್ಕಂದಿರಲ್ಲಿ ಒಬ್ಬಳು. ನನ್ನ ಅಮ್ಮ ಹುಟ್ಟಿದಾಗ ಅವಳಿಗೆ ಎಂಟು ವರ್ಷ, ಓದುತ್ತಿದ್ದುದು ಮೂರನೆಯ ಕ್ಲಾಸು. ಅಜ್ಜಿ ಗದ್ದೆಗೆ ಹೋಗಬೇಕಾದ್ದರಿಂದ ದೊಡ್ಡಮ್ಮ ಮನೆಯಲ್ಲಿ ಉಳಿದಳು. ತಂಗಿಯನ್ನು ಕಂಕುಳಲ್ಲಿ ಹೊತ್ತುಕೊಂಡೇ ಶಾಲೆಯ ಜಗುಲಿಯವರೆಗೆ ಹೋಗಿ ಕೆಲವು ದಿನ ಹೊರಗೆ ನಿಂತು ಪಾಠ ಕೇಳಿದ್ದಳಂತೆ. ಅನಂತರ ಅದೂ ನಿಂತಿತು. ಅಮ್ಮ ಎಸ್ಸೆಸ್ಸೆಲ್ಸಿ ಪಾಸು ಮಾಡಿದಳು. ದೊಡ್ಡಮ್ಮ ಇಂದಿಗೂ ಬಸ್ಸಿನ ಬೋರ್ಡನ್ನು ಅಕ್ಷರ ಅಕ್ಷರ ಕೂಡಿಸಿ ಓದುತ್ತಾಳೆ.

ನಾವು ನೆನೆಸಿಕೊಂಡು ಹಂಬಲಿಸುವ ಹಳೆಯ ವ್ಯವಸ್ಥೆಯ ಬೆಲೆಯನ್ನು ಎಷ್ಟೋ ಮನೆಗಳಲ್ಲಿ ಹಿರಿಯ ಮಗಳು ತೆತ್ತಿದ್ದಾಳೆ.

ಕಾನೂನು ಬಂದ ದಾರಿ

ಹೆತ್ತವಳ ವಿಶ್ರಾಂತಿ ಮನೆಯ ವಿಷಯ ಮಾತ್ರವಲ್ಲ, ಕೆಲಸ ಕೊಡುವವರ ಹೊಣೆಯೂ ಹೌದು ಎಂಬ ಯೋಚನೆ ನಮ್ಮ ದೇಶದಲ್ಲಿ ಬಟ್ಟೆ ಗಿರಣಿಗಳ ಕಾಲದಲ್ಲಿ ಗಟ್ಟಿಯಾಯಿತು. 1928ರಲ್ಲಿ ಹೆರಿಗೆ ಭತ್ಯೆಯ ಮಸೂದೆ ಮುಂಬಯಿಯ ಶಾಸನ ಪರಿಷತ್ತಿನ ಮುಂದೆ ಬಂದಾಗ ಅದನ್ನು ಬೆಂಬಲಿಸಿ ಮಾತನಾಡಿದವರಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಒಬ್ಬರು. ಮರುವರ್ಷ ಅದು ಕಾಯ್ದೆಯಾಯಿತು. ಸ್ವಾತಂತ್ರ್ಯದ ನಂತರ 1961ರ ಹೆರಿಗೆ ಸೌಲಭ್ಯ ಕಾಯ್ದೆ 12 ವಾರಗಳ ಸಂಬಳಸಹಿತ ರಜೆ ಕೊಟ್ಟಿತು. 2017ರ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ ಅದನ್ನು 26 ವಾರಕ್ಕೆ ಏರಿಸಿತು. 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ಬಿಡಬೇಕು ಎಂದೂ ಹೇಳಿತು. 2020ರ ಸಾಮಾಜಿಕ ಭದ್ರತಾ ಸಂಹಿತೆ ಈ ಸೌಲಭ್ಯಗಳನ್ನು ತನ್ನೊಳಗೆ ಸೇರಿಸಿಕೊಂಡಿದೆ.

26 ವಾರವೆಂದರೆ ಆರು ತಿಂಗಳು. ಮೊದಲ ಆರು ತಿಂಗಳು ಮಗುವಿಗೆ ಎದೆಹಾಲು ಬಿಟ್ಟು ಬೇರೇನೂ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದರಿಂದ ಈ ಅವಧಿಗೆ ಅರ್ಥವಿದೆ. ಆದರೆ ಇದರ ಪ್ರಯೋಜನ ಸಿಗುವುದು ಹಾಜರಿ ಪುಸ್ತಕದಲ್ಲಿ ಹೆಸರಿರುವವರಿಗೆ ಮಾತ್ರ. ಹೊಲದ ಕೂಲಿಗೆ, ಮನೆಗೆಲಸಕ್ಕೆ, ಕಟ್ಟಡದ ಕೆಲಸಕ್ಕೆ ಹೋಗುವವರಿಗೆ ಅಂಥ ಪುಸ್ತಕವೇ ಇಲ್ಲ. 2017ರಲ್ಲಿ ಬಂದ ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆ ಇಂಥವರಿಗೆ ಮೊದಲ ಮಗುವಿಗೆಂದು ಗೊತ್ತುಮಾಡಿದ ನೆರವು 5 ಸಾವಿರ ರೂಪಾಯಿ.

ರಾಗಿ ಸರಿಯ ಲೆಕ್ಕ

ಆರು ತಿಂಗಳಾದ ಮೇಲೆ ಕೆಲಸ ಕಡಿಮೆಯಾಗುತ್ತದೆಂದು ಹೊರಗಿನವರು ತಿಳಿಯುತ್ತಾರೆ. ವಾಸ್ತವವಾಗಿ ಹೆಚ್ಚಾಗುವುದೇ ಆಗ. ಒಂದು ರಾಗಿ ಸರಿಯನ್ನೇ ನೋಡಿ. ರಾಗಿ ತೊಳೆದು, ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಬೇಕು. ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳುವಾದ ಬಟ್ಟೆಯಲ್ಲಿ ಸೋಸಬೇಕು. ಮೂರು ನಾಲ್ಕು ದಿನಗಳ ಕೆಲಸ. ಈ ಶ್ರಮಕ್ಕೆ ಕಾರಣ ಇಲ್ಲದಿಲ್ಲ. ಮೊಳಕೆ ಬರುವಾಗ ರಾಗಿಯಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವ ಹುಟ್ಟುತ್ತದೆ. ಅದರಿಂದ ಗಂಜಿ ಅಂಟಂಟಾಗದೆ ತೆಳುವಾಗಿ, ಕೂಸಿನ ಪುಟ್ಟ ಹೊಟ್ಟೆಗೆ ಹೆಚ್ಚು ಹಿಟ್ಟಿನ ಸತ್ವ ಸೇರುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಇದನ್ನು ಅಧ್ಯಯನ ಮಾಡಿದ್ದಾರೆ. ನಮ್ಮ ಅಜ್ಜಿಯರಿಗೆ ಕಾರಣ ಗೊತ್ತಿಲ್ಲದಿದ್ದರೂ ಹದ ಗೊತ್ತಿತ್ತು.

ಹಿಟ್ಟು ಸಿದ್ಧವಾದರೆ ಸಾಲದು. ಗಂಟಾಗದಂತೆ ಕಲಕಿ, ಆರಿಸಿ, ಉಗಿದದ್ದನ್ನು ಒರೆಸಿ, ಮತ್ತೆ ಕುಡಿಸಬೇಕು; ದಿನಕ್ಕೆ ಎರಡು ಮೂರು ಸಲ. ಅಷ್ಟರಲ್ಲಿ ಮಗು ಅಂಬೆಗಾಲಿಡುತ್ತದೆ. ನೆಲದ ಮೇಲೆ ಬಿದ್ದಿದ್ದೆಲ್ಲ ಬಾಯಿಗೆ ಹೋಗುತ್ತದೆ. ಒಲೆ, ಬಕೆಟ್ಟು, ಪ್ಲಗ್ಗು ಎಲ್ಲವೂ ಅಪಾಯವೇ. ಹಲ್ಲು ಬರುವ ರಾತ್ರಿಗಳಲ್ಲಿ ನಿದ್ರೆಯಿಲ್ಲ. ಈ ಯಾವುದೂ ದೊಡ್ಡ ಕಷ್ಟವಲ್ಲ. ಎಲ್ಲವೂ ಒಟ್ಟಿಗೆ, ರಜೆಯಿಲ್ಲದೆ, ಒಬ್ಬಳ ಮೇಲೇ ಬೀಳುವುದು ಕಷ್ಟ. 2019ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮಯ ಬಳಕೆ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಗಂಡಸರು 97 ನಿಮಿಷ. ಮಕ್ಕಳ ಮತ್ತು ಮನೆಯವರ ಆರೈಕೆಯ ಲೆಕ್ಕ ಬೇರೆ: ಹೆಂಗಸರದು 134 ನಿಮಿಷ, ಗಂಡಸರದು 76.

ಅಂಗನವಾಡಿಯ ಹೊಸ್ತಿಲು

ಈ ಹೊರೆಯನ್ನು ಹಂಚಿಕೊಳ್ಳಲು ಸರ್ಕಾರ ಇಟ್ಟ ದೊಡ್ಡ ಹೆಜ್ಜೆ ಅಂಗನವಾಡಿ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಅಲ್ಲಿ 100 ಕೇಂದ್ರಗಳಿಂದ ಶುರುವಾದದ್ದು ಇಂದು ರಾಜ್ಯದಲ್ಲಿ 65 ಸಾವಿರ ದಾಟಿದೆ. ತಮ್ಮ ತಂಗಿಯರನ್ನು ಹೊತ್ತು ಮನೆಯಲ್ಲಿ ಉಳಿಯುತ್ತಿದ್ದ ಎಷ್ಟೋ ಹುಡುಗಿಯರ ಕಂಕುಳು ಇದರಿಂದ ಹಗುರವಾಯಿತು.

ಆದರೆ ಅಂಗನವಾಡಿಯಲ್ಲಿ ಮಗುವನ್ನು ಕೂರಿಸಿಕೊಳ್ಳುವುದು ಮೂರು ವರ್ಷವಾದ ಮೇಲೆ. ಅದಕ್ಕಿಂತ ಚಿಕ್ಕವರಿಗೆ ಸಿಗುವುದು ಮನೆಗೆ ಒಯ್ಯುವ ಪೂರಕ ಆಹಾರದ ಪೊಟ್ಟಣ, ಚುಚ್ಚುಮದ್ದಿನ ನೆರವು, ತೂಕ ನೋಡುವುದು. ಪೊಟ್ಟಣದ ಹಿಟ್ಟನ್ನು ಬೇಯಿಸಿ ಉಣಿಸಲು ತಾಯಿಯೇ ಬೇಕು.

ಈ ನಡುವಿನ ವರ್ಷಗಳತ್ತ ಯಾರೂ ಕಣ್ಣು ಹಾಯಿಸಿಲ್ಲವೆಂದಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲೇ ಕೂಸುಗಳಿಗೆ ಕೋಣೆ ಇರಬೇಕೆಂದು ಬರೆದಿತ್ತು. ದಿಲ್ಲಿಯಲ್ಲಿ 1969ರಲ್ಲಿ ಕಟ್ಟಡ ಕಾರ್ಮಿಕರ ಮಕ್ಕಳಿಗಾಗಿ ‘ಮೊಬೈಲ್ ಕ್ರೆಷಸ್’ ಸಂಸ್ಥೆ ಹುಟ್ಟಿತು. 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲಿ, ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಿ ಅವಳಿಗೂ ಕೂಲಿ ಕೊಡಬೇಕೆಂಬ ನಿಯಮ ಬಂತು. ಮಗುವನ್ನು ಎತ್ತಿಕೊಳ್ಳುವುದೂ ಒಂದು ಕೆಲಸ, ಅದಕ್ಕೂ ಕೂಲಿ ಉಂಟು ಎಂದು ಕಾಗದದ ಮೇಲೆ ಒಪ್ಪಿಕೊಂಡದ್ದು ಸಣ್ಣ ಮಾತಲ್ಲ. 2023ರಲ್ಲಿ ಕರ್ನಾಟಕ ಸರ್ಕಾರ 4 ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯಲು ಹೊರಟಿತು. ದಾರಿ ಇದೇ. ಬೇಕಾಗಿರುವುದು ತಾಯಿಯ ಕೆಲಸದ ಸಮಯಕ್ಕೆ ಹೊಂದುವ, ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ, ನೋಡಿಕೊಳ್ಳುವವಳಿಗೆ ಸರಿಯಾದ ಸಂಬಳವಿರುವ ಮನೆ. ಜೊತೆಗೆ, ರಾತ್ರಿ ಎಂಟಕ್ಕೆ ಬರುವ ಭಾವಂದಿರೂ ಸರಿ ಕಲಕುವುದನ್ನು ಕಲಿಯಬೇಕು.

ಅಕ್ಕನ ರಜೆ ಇನ್ನೆರಡು ವಾರಕ್ಕೆ ಮುಗಿಯುತ್ತದೆ. ಕೆಲಸ ಬಿಡಲು ಅವಳಿಗೆ ಮನಸ್ಸಿಲ್ಲ. ಅಪ್ಪನನ್ನೂ ಕರೆಯುವ ಹಸುವನ್ನೂ ಬಿಟ್ಟು ಅಮ್ಮ ಹೋಗುವಂತಿಲ್ಲ. ಮೊನ್ನೆ ಈ ಮಾತು ನಡೆಯುತ್ತಿದ್ದಾಗ ಸುಮ್ಮನೆ ಕೇಳುತ್ತಿದ್ದ ದೊಡ್ಡಮ್ಮ, ‘ನಾನು ಹೋಗ್ತೀನಿ ಬಿಡೇ. ನಿನ್ನನ್ನ ನೋಡ್ಕೊಂಡೋಳಿಗೆ ನಿನ್ನ ಮೊಮ್ಮಗಳು ಭಾರವೇ?’ ಎಂದಳು.

ಎಲ್ಲರಿಗೂ ಸಮಾಧಾನವಾಯಿತು. ಅಮ್ಮ ಮಾತ್ರ ತಲೆ ತಗ್ಗಿಸಿ ಮೊರದಲ್ಲಿದ್ದ ರಾಗಿಯನ್ನು ಆರಿಸುತ್ತಲೇ ಇದ್ದಳು.