ಗಣಕಯಂತ್ರವನ್ನು ಕೊಳ್ಳುವವರಿಗೆ ನಾಲ್ಕು ಮಾತು

ಮನೆಯಲ್ಲೊಂದು ಗಣಕಯಂತ್ರವಿರಬೇಕೆಂಬುದು ಈಗ ಸಿರಿವಂತರ ಆಡಂಬರವಾಗಿ ಉಳಿದಿಲ್ಲ. ಮಕ್ಕಳ ಪಾಠ, ಪಹಣಿಯ ಪ್ರತಿ, ತೆರಿಗೆಯ ಲೆಕ್ಕ, ಸರಕಾರಕ್ಕೆ ಸಲ್ಲಿಸತಕ್ಕ ಅರ್ಜಿ ಇವೆಲ್ಲವೂ ಅದರ ಮೂಲಕ ನಡೆಯುವ ಕಾಲವಿದು. 2021ರಲ್ಲಿ ವಿಜಯನಗರ ಜಿಲ್ಲೆಯ ಕೇಂದ್ರವಾದ ಹೊಸಪೇಟೆಯಲ್ಲಿ ಹೇಗೋ, ಗಣಿಗಳ ಸಂಡೂರಿನಲ್ಲಿಯೂ ಗದ್ದೆಗಳ ಕಂಪ್ಲಿಯಲ್ಲಿಯೂ ಹಾಗೆಯೇ ಈ ಅವಶ್ಯಕತೆಯು ತಲೆದೋರಿದೆ. ಆದರೆ ಅಂಗಡಿಯವನು ತೋರಿಸಿದುದನ್ನೇ ಕೊಂಡು ಬರುವದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಎತ್ತನ್ನು ಕೊಳ್ಳುವಾಗ ಹಲ್ಲು ನೋಡುವ ನಾವು ಈ ಯಂತ್ರವನ್ನು ಕೊಳ್ಳುವಾಗ ಹೊರಮೈಯ ಹೊಳಪನ್ನಷ್ಟೇ ನೋಡಿದರೆ ಹೇಗೆ?

ಈ ಪ್ರಶ್ನೆಯನ್ನು ಈಗ ಎತ್ತುವದಕ್ಕೆ ಕಾರಣವುಂಟು. ಗಣಕಯಂತ್ರದ ಎಲ್ಲ ಕೆಲಸಗಳನ್ನೂ ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್ ಎಂದು ಹೆಸರು. ಅಸಂಖ್ಯ ಮನೆಗಳಲ್ಲಿದ್ದ ವಿಂಡೋಸ್ 10 ಎಂಬ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಬೆಂಬಲವು ನಿಂತಿತೆಂದರೆ ಯಂತ್ರವು ನಿಲ್ಲುವದಿಲ್ಲ. ಆದರೆ ಹೊಸದಾಗಿ ಕಂಡುಬಂದ ಬಿರುಕುಗಳಿಗೆ ತೇಪೆ ಬೀಳುವದಿಲ್ಲ. ಬ್ಯಾಂಕಿನ ವ್ಯವಹಾರ ಮಾಡುವವರಿಗೆ ಇದು ಬಾಗಿಲಿಗೆ ಅಗುಳಿಯಿಲ್ಲದಂತೆ. ವಿಂಡೋಸ್ 11 ಆದರೋ ಟಿಪಿಎಂ 2.0 ಎಂಬ ರಕ್ಷಣೆಯ ಚಿಪ್ಪನ್ನೂ ಹೊಸ ಪೀಳಿಗೆಯ ಪ್ರೊಸೆಸರನ್ನೂ ಬೇಡುವದರಿಂದ, 2018ಕ್ಕಿಂತ ಹಿಂದಿನ ಬಹಳಷ್ಟು ಯಂತ್ರಗಳು ಅದಕ್ಕೆ ಅರ್ಹವಲ್ಲ. ಹಾಗಾದರೆ ಗಟ್ಟಿಯಾಗಿರುವ ಯಂತ್ರವನ್ನು ಗುಜರಿಗೆ ಹಾಕಬೇಕೇ? ಹಾಕಬೇಕಾಗಿಲ್ಲವೆಂಬುದೇ ನಮ್ಮ ಅಭಿಪ್ರಾಯ. ಮೊದಲು ಕೆಲಸವನ್ನು ನಿಶ್ಚಯಿಸಿಕೊಳ್ಳಬೇಕು. ಆ ಮೇಲೆ ವ್ಯವಸ್ಥೆಯನ್ನು ಆರಿಸಬೇಕು. ಯಂತ್ರದ ವಿಚಾರವು ಕಡೆಯದು.

ಕಂಪ್ಲಿಯ ಭತ್ತದ ವರ್ತಕನನ್ನು ತೆಗೆದುಕೊಳ್ಳಿರಿ. ಅವನ ಲೆಕ್ಕಪತ್ರವು ಟ್ಯಾಲಿಯಲ್ಲಿದ್ದರೆ, ಅದು ವಿಂಡೋಸಿಗಾಗಿಯೇ ರಚಿತವಾದ ತಂತ್ರಾಂಶ. ಡಿಜಿಟಲ್ ಸಹಿಯ ಸಾಧನವನ್ನೂ ಬಳಸತಕ್ಕವನಾದರೆ ಅವನು ವಿಂಡೋಸ್ 11ನ್ನೇ ಇಟ್ಟುಕೊಳ್ಳುವದು ವಿಹಿತ. ಆದರೆ ಪತ್ರ ಬರೆಯುವದು, ಪತ್ರಿಕೆ ಓದುವದು, ಅರ್ಜಿ ತುಂಬುವದು, ಮಕ್ಕಳ ಪಾಠ ನೋಡುವದು ಇಷ್ಟೇ ಕೆಲಸವುಳ್ಳ ನಿವೃತ್ತ ಅಧಿಕಾರಿಗೆ ಲಿನಕ್ಸ್ ಸಾಕು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸರು ಆರಂಭಿಸಿದ ಇದಕ್ಕೆ ಬೆಲೆಯಿಲ್ಲ. ಉಬುಂಟು, ಮಿಂಟ್ ಮೊದಲಾದವು ಇದರ ಪ್ರಭೇದಗಳು. ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆಯ ಬಾಸ್ ಸಹ ಇದೇ ವಂಶದ್ದು. ಹಳೆಯ ಯಂತ್ರದ ಮೇಲೂ ಇದು ಹಗುರಾಗಿ ನಡೆಯುವದು. ಪೆನ್ ಡ್ರೈವಿನಿಂದಲೇ ಚಾಲಿಸಿ, ಮುದ್ರಣಯಂತ್ರವೂ ವೈಫೈಯೂ ಸರಿಯಾಗಿ ಓಡುವವೋ ಎಂದು ಪರೀಕ್ಷಿಸಿ, ಆಮೇಲೆ ಸ್ಥಾಪಿಸಬಹುದು. ಇದು ಪಂಡಿತರ ಆಟಿಕೆಯೆಂಬ ಶಂಕೆ ಬೇಡ. ನೆರೆಯ ಕೇರಳದ ಸರಕಾರಿ ಶಾಲೆಗಳಲ್ಲಿ ಮಕ್ಕಳು ಬಹುಕಾಲದಿಂದ ಲಿನಕ್ಸಿನಲ್ಲಿಯೇ ಕಲಿಯುತ್ತಿದ್ದಾರೆ. ಅವರಲ್ಲಿ ಕಾಸರಗೋಡಿನ ಕನ್ನಡ ಮಕ್ಕಳೂ ಇದ್ದಾರೆ. ಆಪಲ್ ಸಂಸ್ಥೆಯ ಯಂತ್ರಗಳು ಉತ್ತಮವೇ ಸರಿ. ಆದರೆ ಬೆಲೆ ಹೆಚ್ಚು, ಈಗಿನ ಮ್ಯಾಕ್ ಲ್ಯಾಪ್‌ಟಾಪುಗಳಲ್ಲಿ ಸ್ಮರಣಶಕ್ತಿಯನ್ನು ಮುಂದೆ ಹೆಚ್ಚಿಸುವಂತೆಯೂ ಇಲ್ಲ.

ಇನ್ನು ಮುಖ್ಯವಾದ ಮಾತು ಕನ್ನಡದ್ದು. ಕನ್ನಡ ವಿಶ್ವವಿದ್ಯಾಲಯವು 1991ರಿಂದ ನೆಲೆಸಿರುವ ಈ ಹಂಪಿಯ ಸೀಮೆಯಲ್ಲಿ ಕನ್ನಡವನ್ನು ಬರೆಯಲಾರದ ಯಂತ್ರವು ಮನೆಯ ಯಂತ್ರವೇ ಅಲ್ಲ. ಹಿಂದೆ ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿಯೇ ಕನ್ನಡದ ಆಕಾರಗಳನ್ನು ಕೂಡಿಸಿದ್ದವು. ಆ ಫಾಂಟು ಇಲ್ಲದ ಯಂತ್ರದಲ್ಲಿ ಆ ಬರಹವನ್ನು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುವದು. ವಿರೂಪಾಕ್ಷನ ಗುಡಿಯ ಶಿಲಾಶಾಸನವನ್ನು ಐದು ಶತಮಾನಗಳ ಮೇಲೂ ವಿದ್ವಾಂಸರು ಓದುತ್ತಾರೆ. ಇಪ್ಪತ್ತು ವರ್ಷಗಳ ಹಿಂದಿನ ನಮ್ಮ ಸಂಘದ ನಡವಳಿಕೆಯನ್ನು ನಾವೇ ಓದಲಾರೆವು! ಜಗತ್ತಿನ ಲಿಪಿಗಳಿಗೆಲ್ಲ ಪ್ರತ್ಯೇಕ ಸ್ಥಾನ ಕೊಟ್ಟಿರುವ ಯೂನಿಕೋಡಿನಲ್ಲಿ ಬರೆದರೆ ಈ ಆಪತ್ತಿಲ್ಲ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲಿಯೂ, ಕೈಯ ಮೊಬೈಲಿನಲ್ಲಿಯೂ ಅದು ಒಂದೇ ತೆರನಾಗಿ ಕಾಣುವದು. ನುಡಿಯ ಕೀಲಿಮಣೆಗೆ ಕೈ ಪಳಗಿದವರು ಲಿನಕ್ಸಿಗೆ ಬಂದರೂ ನಷ್ಟವಿಲ್ಲ. ಕಗಪ ಎಂಬ ಹೆಸರಿನಿಂದ ಆ ವಿನ್ಯಾಸವು ಅಲ್ಲಿಯೂ ಇದೆ. ಹಳೆಯ ಕಡತಗಳಿದ್ದರೆ, ಹಳೆಯ ಯಂತ್ರವು ಕೆಡುವದರೊಳಗಾಗಿ ಪರಿವರ್ತಕದ ಸಹಾಯದಿಂದ ಯೂನಿಕೋಡಿಗೆ ತಂದುಕೊಳ್ಳತಕ್ಕದ್ದು.

ಕಡೆಗೆ ಯಂತ್ರ. ದಿನಬಳಕೆಗೆ 8 ಜಿಬಿ ಸ್ಮರಣಶಕ್ತಿಯೂ 256 ಜಿಬಿಯ ಎಸ್‌ಎಸ್‌ಡಿಯೂ ಸಾಕಾಗುವವು. ಹಳೆಯ ಯಂತ್ರದ ತಿರುಗುವ ಹಾರ್ಡ್ ಡಿಸ್ಕನ್ನು ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ, ಹೊಸದನ್ನೇ ಕೊಂಡಷ್ಟು ಚುರುಕು ಬರುವದುಂಟು. ಮೇಜಿನ ಯಂತ್ರವಾದರೆ ಯುಪಿಎಸ್ ಅವಶ್ಯ. ಇಲ್ಲವಾದರೆ ವಿದ್ಯುತ್ತು ಹೋದೊಡನೆ ಅರ್ಧ ಬರೆದ ಕಾಗದವೂ ಹೋಗುವದು. ಸಂಡೂರಿನ ಅದುರಿನ ಕೆಂಧೂಳು ಫ್ಯಾನಿನಲ್ಲಿ ಕೂತರೆ, ನಮ್ಮ ಬೇಸಗೆಯಲ್ಲಿ ಯಂತ್ರವು ಕಾದು ನಿಧಾನವಾಗುವದು. ಆದ್ದರಿಂದ ಆಗಾಗ ಅದನ್ನು ಶುಚಿಮಾಡಿಸುವದು ಒಳ್ಳೆಯದು. ಯಾವ ಯಂತ್ರವಾದರೂ ಒಂದು ದಿನ ಕೆಡತಕ್ಕದ್ದೇ. ಮುಖ್ಯವಾದ ಕಡತಗಳ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಡದವನು ಎಷ್ಟು ಬೆಲೆ ತೆತ್ತರೂ ಬಡವನೇ.

ಹಣವು ನಮ್ಮದು, ಕೆಲಸವು ನಮ್ಮದು, ಭಾಷೆಯೂ ನಮ್ಮದು. ಆಯ್ಕೆಯನ್ನು ಮಾತ್ರ ಮಾರುವವನಿಗೆ ಬಿಟ್ಟುಕೊಡುವದು ವಿವೇಕವಲ್ಲ. ಅಂಗಡಿಯ ಮೆಟ್ಟಿಲೇರುವ ಮುನ್ನ ಮನೆಮಂದಿಯೆಲ್ಲ ಕೂತು, ತಮಗೆ ಬೇಕಾದ ಕೆಲಸಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಲಿ. ಆ ಚೀಟಿಯು ಅನೇಕ ಮನೆಗಳಿಗೆ ಹೊಸ ಯಂತ್ರದ ಖರ್ಚನ್ನೇ ಉಳಿಸೀತು.