ದೊಡ್ಡ ಕೆಲಸವನ್ನು ಒಡೆದು ಮಾಡಿರಿ: ತೋಟದ ಕೆಲಸಗಳಿಗೆ ಮೊಬೈಲ್ ಪಟ್ಟಿ

ಬರುವ ಮುಂಗಾರಿಗೆ ಎರಡು ಎಕರೆ ಮಾವಿನ ತೋಟ ಮಾಡಬೇಕೆಂದು ನೀವು ಮನಸ್ಸು ಮಾಡಿದ್ದೀರಿ ಎನ್ನೋಣ. ಹೇಳಲು ಇದು ಒಂದೇ ಮಾತು. ಮಾಡಹೊರಟರೆ ಹತ್ತಾರು ಕೆಲಸ. ಗುಂಡಿ ತೋಡುವ ಆಳುಗಳು ಬಂದ ದಿನ ಗೂಟ ಹೊಡೆದಿರುವುದಿಲ್ಲ. ಮಳೆ ಬಿದ್ದ ದಿನ ಕಸಿ ಗಿಡ ಸಿಗುವುದಿಲ್ಲ. ಹದ ತಪ್ಪಿದರೆ ತೋಟ ಒಂದು ವರ್ಷ ಹಿಂದೆ ಬಿತ್ತೆಂದೇ ತಿಳಿಯಿರಿ.

ದೊಡ್ಡ ಕಾಮಗಾರಿ ನಡೆಸುವವರಿಗೂ ಇದೇ ತೊಡಕು. ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಯ ಕೆಲಸಕ್ಕಾಗಿ 1958ರಲ್ಲಿ ‘ಪರ್ಟ್’ ಎಂಬ ಯೋಜನಾ ಕ್ರಮವನ್ನು ರೂಪಿಸಿತು. ಯಾವ ಕೆಲಸ ಯಾವುದರ ನಂತರ ಬರಬೇಕು, ಯಾವುದು ತಡವಾದರೆ ಇಡೀ ಕಾಮಗಾರಿ ತಡವಾಗುತ್ತದೆ ಎಂಬುದನ್ನು ಅದು ತೋರಿಸುತ್ತಿತ್ತು. ಇಂದು ಕೆಲಸಗಳ ಲೆಕ್ಕವಿಡಲು 2002ರಲ್ಲಿ ಬಂದ ಜಿರಾ, 2011ರಲ್ಲಿ ಬಂದ ಟ್ರೆಲೊ ಮುಂತಾದ ತಂತ್ರಾಂಶಗಳಿವೆ. ಟ್ರೆಲೊ ಮೊಬೈಲಿನಲ್ಲೂ ನಡೆಯುತ್ತದೆ. ಮನೆಮಟ್ಟಿನ ಬಳಕೆಗೆ ಹಣ ಕೊಡಬೇಕಾಗಿಲ್ಲ.

ಮೂರು ಮೆಟ್ಟಿಲುಗಳು

1. ಹಿರಿಯ ಕೆಲಸ: ವಾರಗಟ್ಟಲೆ, ತಿಂಗಳುಗಟ್ಟಲೆ ನಡೆದು ಒಂದು ದಿನ ಮುಗಿಯುವಂಥದ್ದು. ಜಿರಾದಲ್ಲಿ ಇದಕ್ಕೆ ‘ಎಪಿಕ್’ ಎನ್ನುತ್ತಾರೆ. ‘ಎರಡು ಎಕರೆಗೆ ಮಾವು ನೆಡುವುದು’ ಹಿರಿಯ ಕೆಲಸ. ‘ತೋಟ ನೋಡಿಕೊಳ್ಳುವುದು’ ಅಲ್ಲ, ಏಕೆಂದರೆ ಅದಕ್ಕೆ ಕೊನೆಯಿಲ್ಲ.

2. ಕೆಲಸ: ಒಬ್ಬರ ಹೊಣೆಯಲ್ಲಿ ಕೆಲವು ದಿನಗಳಲ್ಲಿ ಮುಗಿಯುವಂಥದ್ದು. ಗುಂಡಿ ತೆಗೆಸುವುದು, ಗೊಬ್ಬರ ಹೊಂದಿಸುವುದು, ಹನಿ ನೀರಾವರಿಯ ಕೊಳವೆ ಹಾಕಿಸುವುದು, ಗಿಡ ತರುವುದು, ನೆಡುವುದು.

3. ಉಪಕೆಲಸ: ಒಂದು ದಿನದಲ್ಲೋ ಒಂದು ಹೊತ್ತಿನಲ್ಲೋ ಆಗುವಂಥದ್ದು. ಗಿಡ ತರುವ ಕೆಲಸದಲ್ಲಿ ಸಸ್ಯಾಗಾರಕ್ಕೆ ಮುಂಗಡ ಕೊಡುವುದು, ಗಾಡಿ ಗೊತ್ತುಮಾಡುವುದು, ಕಸಿಯ ಗಂಟು ನೋಡಿ ಗಿಡ ಆರಿಸುವುದು ಉಪಕೆಲಸಗಳು.

ಇದಕ್ಕಿಂತ ಕೆಳಗೆ ಒಡೆಯಬೇಡಿ. ‘ಗುದ್ದಲಿ ತೆಗೆದುಕೊಂಡು ಹೋಗುವುದು’ ಎಂದೆಲ್ಲ ಬರೆಯತೊಡಗಿದರೆ ಪಟ್ಟಿ ಬರೆಯುವುದೇ ಒಂದು ಕೆಲಸವಾಗುತ್ತದೆ.

ದಿನಾಂಕವನ್ನು ಹಿಂದಿನಿಂದ ಎಣಿಸಿರಿ

ಮಾವನ್ನು 10 ಮೀಟರ್ ಅಂತರದಲ್ಲಿ ಚೌಕಾಕಾರವಾಗಿ ನೆಟ್ಟರೆ ಎಕರೆಗೆ ಸುಮಾರು 40, ಎರಡು ಎಕರೆಗೆ 80 ಗುಂಡಿಗಳು ಬೇಕು. ಗುಂಡಿಯ ಅಳತೆ ಉದ್ದ, ಅಗಲ, ಆಳ ತಲಾ ಒಂದು ಮೀಟರ್. ನಿಮ್ಮ ಆಳುಗಳು ದಿನಕ್ಕೆ 4 ಗುಂಡಿ ತೆಗೆದರೆ 20 ದಿನ ಹಿಡಿಯುತ್ತದೆ. ತೆಗೆದ ಗುಂಡಿಗಳು ಕನಿಷ್ಠ ಎರಡು ವಾರ ಬಿಸಿಲಿಗೆ ಒಣಗಬೇಕು. ಅನಂತರ ಮೇಲ್ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಬೇಕು. ಜೂನ್ ನಡುವೆ ಮಳೆ ಹಿಡಿದಾಗ ನೆಡಬೇಕಾದರೆ ಜೂನ್ ಮೊದಲ ವಾರ ಗುಂಡಿ ತುಂಬಬೇಕು. ಮೇ 15ರೊಳಗೆ ತೋಡಿ ಮುಗಿದಿರಬೇಕು. ಏಪ್ರಿಲ್ 25ಕ್ಕೆ ತೋಡಲು ಆರಂಭಿಸಬೇಕು. ಗೂಟ ಹೊಡೆಯುವುದು ಅದಕ್ಕೂ ಮೊದಲು. ಹೀಗೆ ಪ್ರತಿ ಕೆಲಸಕ್ಕೂ ಕೊನೆಯ ದಿನ ತಾನಾಗಿಯೇ ಸಿಗುತ್ತದೆ.

ಮೊಬೈಲಿನಲ್ಲಿ ಬರೆಯುವ ಕ್ರಮ

ಟ್ರೆಲೊದಲ್ಲಿ ‘ಮಾವಿನ ತೋಟ’ ಎಂದು ಒಂದು ಬೋರ್ಡ್ ತೆರೆಯಿರಿ. ಅದೇ ನಿಮ್ಮ ಹಿರಿಯ ಕೆಲಸ. ಅದರಲ್ಲಿ ‘ಮಾಡಬೇಕಾದ್ದು’, ‘ನಡೆಯುತ್ತಿರುವುದು’, ‘ಮುಗಿದದ್ದು’ ಎಂದು ಮೂರು ಸಾಲು ಮಾಡಿ. ಒಂದೊಂದು ಕೆಲಸಕ್ಕೂ ಒಂದೊಂದು ಕಾರ್ಡ್ ಬರೆದು ಕೊನೆಯ ದಿನಾಂಕ ಹಾಕಿ. ಕಾರ್ಡಿನೊಳಗಿನ ಚೆಕ್‌ಲಿಸ್ಟಿನಲ್ಲಿ ಉಪಕೆಲಸಗಳನ್ನು ಬರೆದು, ಆದಂತೆಲ್ಲ ಗುರುತು ಹಾಕುತ್ತಾ ಹೋಗಿ. ಕೆಲಸ ನಡೆದಂತೆ ಕಾರ್ಡನ್ನು ಮುಂದಿನ ಸಾಲಿಗೆ ಸರಿಸಿ. ಮನೆಯವರನ್ನೂ ಬೋರ್ಡಿಗೆ ಸೇರಿಸಿಕೊಂಡರೆ ಎಲ್ಲರಿಗೂ ಒಂದೇ ಪಟ್ಟಿ ಕಾಣುತ್ತದೆ.

ಗಮನಿಸಬೇಕಾದ ಅಂಶಗಳು

* ಒಂದು ಕೆಲಸಕ್ಕೆ ಒಬ್ಬರೇ ಹೊಣೆಗಾರರಿರಲಿ. ಅಣ್ಣ ನೋಡುತ್ತಾನೆಂದು ತಮ್ಮ, ತಮ್ಮ ನೋಡುತ್ತಾನೆಂದು ಅಣ್ಣ ಸುಮ್ಮನಿದ್ದರೆ ಗೊಬ್ಬರ ತಿಪ್ಪೆಯಲ್ಲೇ ಉಳಿಯುತ್ತದೆ.

* ‘ಮುಗಿಯಿತು’ ಎಂದರೇನೆಂದು ಮೊದಲೇ ಬರೆಯಿರಿ. ನೆಡುವ ಕೆಲಸ ಮುಗಿಯುವುದು ಗಿಡ ಗುಂಡಿಗೆ ಇಳಿದಾಗಲ್ಲ. ಕಸಿಯ ಗಂಟು ಮಣ್ಣಿನ ಮೇಲಿದ್ದು, ಆಸರೆ ಕೋಲು ಕಟ್ಟಿ, ಪಾತಿ ಮಾಡಿ ನೀರುಣಿಸಿದಾಗ.

* ಒಂದಕ್ಕೊಂದು ಕಾಯುವ ಕೆಲಸಗಳನ್ನು ಕಾರ್ಡಿನಲ್ಲಿ ನಮೂದಿಸಿ. ಮುಖ್ಯ ಕೊಳವೆಯ ಕಾಲುವೆಯನ್ನು ಗಿಡ ನೆಡುವ ಮೊದಲೇ ತೋಡಿಸಬೇಕು; ನೆಟ್ಟ ಮೇಲೆ ಯಂತ್ರ ನುಗ್ಗಿಸಿದರೆ ಗಿಡಕ್ಕೆ ಪೆಟ್ಟು. ಸಹಾಯಧನ ಬಯಸುವವರು ಸಾಮಗ್ರಿ ಕೊಳ್ಳುವ ಮುನ್ನವೇ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಬೇಕು.

* ಗುರುತುಗಳ ಎಣಿಕೆಯನ್ನೇ ನಂಬಬೇಡಿ. ಹತ್ತು ಕಾರ್ಡುಗಳಲ್ಲಿ ಒಂಬತ್ತು ಮುಗಿದು, ಗುಂಡಿ ತೆಗೆಯುವುದೊಂದೇ ಉಳಿದಿದ್ದರೆ ಬಹುಪಾಲು ದುಡಿಮೆ ಇನ್ನೂ ಬಾಕಿಯಿದೆ ಎಂದೇ ಅರ್ಥ. ತಂತ್ರಾಂಶ ಚೀಟಿ ಎಣಿಸುತ್ತದೆ, ಬೆವರನ್ನಲ್ಲ.

* ವಾರಕ್ಕೊಮ್ಮೆ ಮನೆಯವರೆಲ್ಲ ಕುಳಿತು ಪಟ್ಟಿ ನೋಡಿ. ಮಳೆ ಬೇಗ ಬಂದರೆ, ಆಳು ಸಿಗದಿದ್ದರೆ ದಿನಾಂಕ ಬದಲಿಸಿ.

ಮೊಬೈಲ್ ಇಲ್ಲದವರು ಇದೇ ಮೂರು ಮೆಟ್ಟಿಲುಗಳನ್ನು ನೋಟು ಪುಸ್ತಕದಲ್ಲಿ ಬರೆದುಕೊಳ್ಳಬಹುದು. ಕ್ರಮ ಮುಖ್ಯ, ಸಾಧನವಲ್ಲ. ಬೇಸಿಗೆಗೆ ಮುನ್ನವೇ ಈ ಪಟ್ಟಿ ಸಿದ್ಧವಾದರೆ, ಮೊದಲ ಮಳೆ ಬೀಳುವ ಹೊತ್ತಿಗೆ ನಿಮ್ಮ ಗುಂಡಿಗಳೂ ಗಿಡಗಳೂ ಸಿದ್ಧವಾಗಿರುತ್ತವೆ.